ಮದುವೆ ಕ್ಯಾಮೆರಾದಲ್ಲಿ ಕ್ಷುದ್ರಗ್ರಹ ಹಿಡಿಯೋದು ಹೇಗೆ

ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ, ಗಟ್ಟಿ ಟ್ರೈಪಾಡ್, ಫೋಟೋಶಾಪ್ ಇರುವ ಕಂಪ್ಯೂಟರ್. ಇಷ್ಟಿದ್ದರೆ ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಬಂಡೆಯೊಂದನ್ನು ನೀವೇ ಹಿಡಿಯಬಹುದು. ಟೆಲಿಸ್ಕೋಪ್ ಬೇಡ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಮದುವೆ, ಕುಬುಸ, ತೊಟ್ಟಿಲು ಅಂತ ಫೋಟೋ ತೆಗೆಯುವವರು ಊರೂರಿಗೂ ಇದ್ದಾರೆ. ಅವರೆಲ್ಲರ ಹತ್ತಿರ ಈ ಸಾಮಾನು ಇದ್ದೇ ಇದೆ. ನಾನೂ ಅವರಲ್ಲಿ ಒಬ್ಬ. ಕಾರಟಗಿಯಲ್ಲಿ ಸ್ಟುಡಿಯೋ ಇಟ್ಟಿದ್ದೇನೆ.

ಸ್ಟುಡಿಯೋ ಗೋಡೆ ಮೇಲೆ ವಧು-ವರರ ಫೋಟೋಗಳ ಮಧ್ಯೆ ಒಂದು ಕಪ್ಪು ಫ್ರೇಮ್ ಇದೆ. ತುಂಬಾ ಚುಕ್ಕಿಗಳು, ಒಂದು ಚುಕ್ಕಿಗೆ ಮಾತ್ರ ಹಳದಿ ಬಾಣ. ಪಾಸ್‌ಪೋರ್ಟ್ ಫೋಟೋ ತೆಗೆಸಲು ಬರುವ ಪಿಯುಸಿ ಹುಡುಗರು "ಅಣ್ಣಾ, ಇದೇನ್ರೀ?" ಅಂತಾರೆ. ಉತ್ತರ ಹೇಳಿದರೆ ಎರಡೇ ಪ್ರಶ್ನೆ ಬರುತ್ತವೆ. ನಾವೂ ಹಿಡೀಬಹುದಾ? ಇದನ್ನೇ ನೌಕರಿ ಮಾಡ್ಕೋಬಹುದಾ? ಎರಡಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಏಕೆಂದರೆ ಅದನ್ನು ಮಾಡಿ ನೋಡದೆ ಎರಡನೆಯದನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಏನನ್ನು ಹುಡುಕಬೇಕು

ಕ್ಷುದ್ರಗ್ರಹ ಅಂದರೆ ಸೂರ್ಯನ ಸುತ್ತ ತಿರುಗುವ ಬಂಡೆ. ಈಗ ಗೊತ್ತಿರುವವೇ 13 ಲಕ್ಷಕ್ಕೂ ಹೆಚ್ಚು. ಮೊದಲನೆಯದು ಸಿರಿಸ್. ಅದನ್ನು 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜಿ ಕಂಡರು. ಈಗ ಅದನ್ನು ಕುಬ್ಜಗ್ರಹದ ಸಾಲಿಗೂ ಸೇರಿಸಿದ್ದಾರೆ. ಹೊಸಬರು ಸಿರಿಸ್‌ನಿಂದ ಶುರು ಮಾಡಬೇಡಿ. ವೆಸ್ಟಾದಿಂದ ಶುರು ಮಾಡಿ. ಅಡ್ಡಗಲ ಸುಮಾರು 525 ಕಿಲೋಮೀಟರ್, ಸಿರಿಸ್‌ಗಿಂತ ಚಿಕ್ಕದು. ಆದರೆ ಅದರ ಮೈ ಬೆಳಕನ್ನು ಚೆನ್ನಾಗಿ ಹಿಂತಿರುಗಿಸುತ್ತದೆ. ಅದಕ್ಕೇ ಎಲ್ಲ ಕ್ಷುದ್ರಗ್ರಹಗಳಲ್ಲಿ ಅದೇ ಹೆಚ್ಚು ಹೊಳೆಯುವುದು.

ಕ್ಯಾಮೆರಾದಲ್ಲಿ ಅದು ಬಂಡೆಯಂತೆ ಕಾಣಲ್ಲ. ಪಕ್ಕದ ನಕ್ಷತ್ರದಂತೆಯೇ ಒಂದು ಚುಕ್ಕಿ, ಅಷ್ಟೇ. ವ್ಯತ್ಯಾಸ ಒಂದೇ: ಅದು ಜಾಗ ಬಿಡುತ್ತದೆ. ಒಂದೇ ಆಕಾಶದ ಎರಡು ಫೋಟೋ ತೆಗೆದು ಯಾವ ಚುಕ್ಕಿ ಸರಿಯಿತು ಅಂತ ನೋಡುವುದು, ಇಡೀ ವಿದ್ಯೆ ಇಷ್ಟೇ. ದೊಡ್ಡ ದೊಡ್ಡ ಅಬ್ಸರ್ವೇಟರಿಗಳೂ ಮಾಡುವುದು ಇದನ್ನೇ.

ಫೋಟೋ ಬಳಸುವ ಮುಂಚೆ ಇದನ್ನು ಕಣ್ಣಿನಲ್ಲೇ ಮಾಡುತ್ತಿದ್ದರು. ನಾರ್ಮನ್ ಪೋಗ್ಸನ್ ಅಂತ ಒಬ್ಬರು 1861ರಲ್ಲಿ ಮದ್ರಾಸ್ ಅಬ್ಸರ್ವೇಟರಿಗೆ ಬಂದರು. ಟೆಲಿಸ್ಕೋಪಿನಲ್ಲಿ ಕಂಡ ಚುಕ್ಕಿಗಳನ್ನು ನಕ್ಷೆಯ ಜೊತೆ ಹೋಲಿಸಿ ನೋಡುವುದು ಅವರ ರಾತ್ರಿ ಕೆಲಸ. ಅದೇ ವರ್ಷ ಏಪ್ರಿಲ್‌ನಲ್ಲಿ ಒಂದು ಚುಕ್ಕಿ ಸರಿದದ್ದು ಸಿಕ್ಕಿತು. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ ಅದು. ಹೆಸರನ್ನೂ 'ಏಷ್ಯಾ' ಅಂತಲೇ ಇಟ್ಟರು. ಕ್ರಮಸಂಖ್ಯೆ 67. ಆಮೇಲೆ ಮದ್ರಾಸಿನಿಂದಲೇ ಸಾಫೋ, ಸಿಲ್ವಿಯಾ, ಕಮಿಲ್ಲಾ, ವೆರಾ ಸಿಕ್ಕವು. ಪೋಗ್ಸನ್ 1891ರ ಜೂನ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಜರ್ಮನಿಯ ಮ್ಯಾಕ್ಸ್ ವುಲ್ಫ್ ಫೋಟೋ ಪ್ಲೇಟಿನಲ್ಲಿ ಮೊದಲ ಕ್ಷುದ್ರಗ್ರಹ ಹಿಡಿದರು. ಅದು 323 ಬ್ರೂಸಿಯಾ. ನಮ್ಮ ಕಸುಬು ಕ್ಷುದ್ರಗ್ರಹ ಹಿಡಿಯಲು ಇಳಿದದ್ದು ಅವತ್ತಿನಿಂದ ಅಂತ ನಾನು ಸ್ಟುಡಿಯೋಗೆ ಬರುವವರಿಗೆಲ್ಲ ಹೇಳುತ್ತಿರುತ್ತೇನೆ.

ಯಾವಾಗ, ಎಲ್ಲಿ

ಮೊಬೈಲ್‌ಗೆ ಸ್ಟೆಲ್ಲೇರಿಯಂ ಆ್ಯಪ್ ಹಾಕಿಕೊಳ್ಳಿ. ಉಚಿತವಾಗಿ ಸಿಗುತ್ತದೆ. ನಿಮ್ಮ ಊರನ್ನು ಕೊಟ್ಟು ವೆಸ್ಟಾ ಅಂತ ಹುಡುಕಿ. ಅದರ ಕಾಂತಿಮಾನ, ಅಂದರೆ ಮ್ಯಾಗ್ನಿಟ್ಯೂಡ್, ಎಷ್ಟಿದೆ ನೋಡಿ. ಇಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಚುಕ್ಕಿ ಮಂಕು. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ 6ರ ತನಕ ಕಾಣುತ್ತದೆ. ಸಂಖ್ಯೆ 5 ಹೆಚ್ಚಾದರೆ ಬೆಳಕು 100 ಪಟ್ಟು ಕಡಿಮೆ. ಈ ಲೆಕ್ಕ ಹಾಕಿಕೊಟ್ಟವರೂ ಪೋಗ್ಸನ್ನೇ, ಮದ್ರಾಸಿಗೆ ಬರುವ ಮೊದಲು, 1856ರಲ್ಲಿ. ಮದುವೆ ಕ್ಯಾಮೆರಾಕ್ಕೆ 8 ಅಥವಾ 9ರ ತನಕ ಸಲೀಸಾಗಿ ಸಿಗುತ್ತದೆ.

ಕ್ಷುದ್ರಗ್ರಹ ಸೂರ್ಯನಿಗೆ ನೇರ ಎದುರು ದಿಕ್ಕಿಗೆ ಬಂದಾಗ ಅದಕ್ಕೆ ಆಪೊಸಿಷನ್ ಅಂತಾರೆ. ಹುಣ್ಣಿಮೆ ಚಂದ್ರನ ಹಾಗೆ ಸಂಜೆ ಹುಟ್ಟಿ, ಮಧ್ಯರಾತ್ರಿಗೆ ಮೇಲೆ ಬಂದು, ಬೆಳಗ್ಗೆ ಮುಳುಗುತ್ತದೆ. ಆಗಲೇ ಅದು ನಮಗೆ ಹತ್ತಿರ, ಹೊಳಪೂ ಜಾಸ್ತಿ. ವೆಸ್ಟಾಗೆ ಇದು 16–17 ತಿಂಗಳಿಗೊಮ್ಮೆ ಬರುತ್ತದೆ. ಆ ದಿನದ ಹಿಂದೆ ಮುಂದೆ ಒಂದು ತಿಂಗಳು ಒಳ್ಳೆಯ ಸಮಯ. ವೆಸ್ಟಾದ ಸರದಿ ದೂರವಿದ್ದರೆ ಸಿರಿಸ್, ಪಲ್ಲಾಸ್, ಜೂನೋ, ಐರಿಸ್ ಇವುಗಳಲ್ಲಿ ಯಾವುದು ಎದುರು ಬರುತ್ತಿದೆ ನೋಡಿ.

ನಾವಿರುವ ಜಾಗ ಇದಕ್ಕೆ ಒಳ್ಳೆಯದೇ. ಅಕ್ಷಾಂಶ 15 ಡಿಗ್ರಿ ಚಿಲ್ಲರೆ. ಡಿಸೆಂಬರ್, ಜನವರಿಯಲ್ಲಿ ಆಪೊಸಿಷನ್ ಬಂದರೆ ಚುಕ್ಕಿ ಮಧ್ಯರಾತ್ರಿಗೆ ಹೆಚ್ಚೂಕಡಿಮೆ ನೆತ್ತಿ ಮೇಲೆ ಇರುತ್ತದೆ. ಯುರೋಪಿನವರಿಗೆ ಈ ಭಾಗ್ಯ ಇಲ್ಲ. ಮೇ, ಜೂನ್‌ನಲ್ಲಿ ಬಂದರೆ ದಕ್ಷಿಣಕ್ಕೆ ವಾಲುತ್ತದೆ. ಆದರೂ ಅರ್ಧ ಆಕಾಶಕ್ಕಿಂತ ಮೇಲೇ ಇರುತ್ತದೆ.

ಜಾಗ ಹುಡುಕುವಾಗ ಒಂದು ಮಾತು ನೆನಪಿಡಿ. ಎಡದಂಡೆ ಕಾಲುವೆ ನೀರು ಹರಿಯುವ ಕಡೆ ಹೋಗಬೇಡಿ. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಚಳಿಗಾಲದ ರಾತ್ರಿ ಭತ್ತದ ಗದ್ದೆಯಿಂದ ಎಷ್ಟು ತೇವ ಏಳುತ್ತದೆ ಅಂದರೆ, ಹನ್ನೊಂದು ಗಂಟೆಗೆಲ್ಲ ಲೆನ್ಸ್ ಮೇಲೆ ಇಬ್ಬನಿ. ಫೋಟೋದಲ್ಲಿ ನಕ್ಷತ್ರಗಳೆಲ್ಲ ಹತ್ತಿ ಉಂಡೆ. ಸೊಳ್ಳೆ ಬೇರೆ. ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಟ್ಟರೆ ವಾರಗಟ್ಟಲೆ ಹೊಗೆ. ಒಣ ಭೂಮಿ ಕಡೆ ಹೋಗಿ. ಕನಕಗಿರಿ, ತಾವರಗೇರಾ, ಕುಷ್ಟಗಿ, ಅತ್ತ ಮುದಗಲ್, ಮಸ್ಕಿ. ಜೋಳ, ಕಡಲೆ ಬೆಳೆಯುವ ಊರುಗಳ ಆಕಾಶ ನೀರಾವರಿ ಊರುಗಳಿಗಿಂತ ಸ್ವಚ್ಛ. ಬಳ್ಳಾರಿಯವರು ತೋರಣಗಲ್ಲು ದಿಕ್ಕಿಗೆ ಬೆನ್ನು ಹಾಕಿ ನಿಲ್ಲಬೇಕು. ಅಲ್ಲಿಯ ಕಾರ್ಖಾನೆ ಬೆಳಕು ರಾತ್ರಿಯಿಡೀ ಆಕಾಶವನ್ನು ಕೆಂಪಾಗಿಸುತ್ತದೆ.

ಗುಡ್ಡದ ಮೇಲೆ ಹತ್ತುವ ಹುಚ್ಚು ಬೇಡ. ನಮ್ಮ ಕಡೆ ಗುಡ್ಡಗಳಲ್ಲಿ ಕರಡಿ ಇವೆ, ಆನೆಗೊಂದಿ ಕಡೆ ಚಿರತೆ ಇವೆ. ಪರಿಚಯದವರ ಹೊಲದ ಬದು ಸಾಕು. ಒಬ್ಬರೇ ಹೋಗಬೇಡಿ. ಹೊಲದ ಮಾಲೀಕರಿಗೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ರಾತ್ರಿ ಹನ್ನೆರಡಕ್ಕೆ ಬ್ಯಾಟರಿ ಹಿಡಿದು "ಯಾರಪಾ ಅಲ್ಲಿ? ಪಂಪ್‌ಸೆಟ್ ವೈರ್ ಕೀಳಾಕ ಬಂದೀರೇನು?" ಅಂತ ಬಂದೇ ಬರುತ್ತಾರೆ. ಅವರ ಅನುಮಾನದಲ್ಲೂ ತಪ್ಪಿಲ್ಲ. ಕೇಬಲ್ ಕಳ್ಳರ ಕಾಟ ಅಷ್ಟಿದೆ.

ಬೆಳದಿಂಗಳ ವಾರ ಬಿಟ್ಟುಬಿಡಿ.

ಕ್ಯಾಮೆರಾ ಸೆಟ್ಟಿಂಗ್

50 ಎಂಎಂ ಪ್ರೈಮ್ ಲೆನ್ಸ್ ಹಾಕಿ. ವಧುವಿನ ಕ್ಲೋಸಪ್‌ಗೆ ಇಟ್ಟುಕೊಂಡಿರುವ ಎಫ್ 1.8 ಲೆನ್ಸೇ ಸಾಕು. ಪೂರ್ತಿ ತೆರೆದರೆ ಅಂಚಿನ ನಕ್ಷತ್ರಗಳಿಗೆ ರೆಕ್ಕೆ ಬರುತ್ತವೆ. ಎಫ್ 2.2 ಅಥವಾ 2.8ಕ್ಕೆ ಇಳಿಸಿ. ಮ್ಯಾನುಯಲ್ ಮೋಡ್, ರಾ ಫಾರ್ಮ್ಯಾಟ್, ಐಎಸ್‌ಒ 1600ರಿಂದ 3200.

ಎಕ್ಸ್‌ಪೋಸರ್ ಎಷ್ಟು? ಭೂಮಿ ತಿರುಗುವುದರಿಂದ ಜಾಸ್ತಿ ಹೊತ್ತು ತೆರೆದರೆ ಚುಕ್ಕಿ ಗೆರೆಯಾಗುತ್ತದೆ. 500ನ್ನು ಲೆನ್ಸಿನ ಎಂಎಂನಿಂದ ಭಾಗಿಸಿ. ಚಿಕ್ಕ ಸೆನ್ಸರ್ ಕ್ಯಾಮೆರಾ ಆದರೆ ಇನ್ನೊಮ್ಮೆ ಒಂದೂವರೆಯಿಂದ ಭಾಗಿಸಿ. 50 ಎಂಎಂಗೆ 6 ಸೆಕೆಂಡ್ ಚಿಲ್ಲರೆ ಬರುತ್ತದೆ. ನಾನು 5 ಸೆಕೆಂಡ್ ಇಡುತ್ತೇನೆ. ಒಂದೇ ಸಲಕ್ಕೆ ಹತ್ತು ಹದಿನೈದು ಫ್ರೇಮ್ ತೆಗೆಯಿರಿ. ಆಮೇಲೆ ಡೀಪ್‌ಸ್ಕೈಸ್ಟ್ಯಾಕರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕೂಡಿಸಿದರೆ ಕಾಳು ಕಾಳು ಕಡಿಮೆಯಾಗಿ ಮಂಕು ಚುಕ್ಕಿಗಳೂ ಎದ್ದು ಬರುತ್ತವೆ.

ಫೋಕಸ್‌ಗೆ ಆಟೋ ನಂಬಬೇಡಿ. ಲೈವ್ ವ್ಯೂ ಹಾಕಿ, ಹೊಳೆಯುವ ನಕ್ಷತ್ರ ಒಂದನ್ನು 10 ಪಟ್ಟು ಜೂಮ್ ಮಾಡಿ. ರಿಂಗನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ. ನಕ್ಷತ್ರ ಚಿಕ್ಕದಾಗುತ್ತಾ ಬಂದು ಮತ್ತೆ ದೊಡ್ಡದಾಗಲು ಶುರುವಾಗುತ್ತದೆ. ಚಿಕ್ಕದಾದ ಆ ಜಾಗಕ್ಕೆ ವಾಪಸ್ ಬಂದು ರಿಂಗಿಗೆ ಸೆಲೋಟೇಪ್ ಸುತ್ತಿಬಿಡಿ. ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದ್ದರೆ ಆಫ್ ಮಾಡಿ. ಕೈ ತಾಗಿ ಅಲುಗದಂತೆ 2 ಸೆಕೆಂಡ್ ಟೈಮರ್ ಇಡಿ.

ಗುರಿ ಇಡುವುದು ಸುಲಭ. ಚಿಕ್ಕ ಸೆನ್ಸರ್ ಕ್ಯಾಮೆರಾದಲ್ಲಿ ಈ ಲೆನ್ಸ್ ಒಂದೇ ಫ್ರೇಮಿಗೆ ಸುಮಾರು 25 ಡಿಗ್ರಿ ಅಗಲ, 17 ಡಿಗ್ರಿ ಎತ್ತರದ ಆಕಾಶ ಹಿಡಿಯುತ್ತದೆ. ವೆಸ್ಟಾ ಇರುವ ರಾಶಿಯ ಕಡೆ ತಿರುಗಿಸಿದರೆ ಅದು ಒಳಗೆ ಬಂದಿರುತ್ತದೆ. ಒಂದೆರಡು ರಾತ್ರಿ ಬಿಟ್ಟು ಅದೇ ಲೆನ್ಸ್, ಅದೇ ಸೆಟ್ಟಿಂಗ್, ಅದೇ ಭಾಗ. ಹೊತ್ತು ಒಂದೇ ಆಗಿರಬೇಕೆಂದಿಲ್ಲ, ಆದರೆ ಒಂದೇ ಆದರೆ ಫ್ರೇಮ್ ಹೊಂದಿಸುವುದು ಸಲೀಸು.

ಎರಡು ಫೋಟೋ, ಒಂದು ಕಣ್ಣಿನ ಗುರುತು

ಫೋಟೋಶಾಪ್‌ನಲ್ಲಿ ಎರಡೂ ರಾತ್ರಿಯ ಚಿತ್ರಗಳನ್ನು ಒಂದೇ ಫೈಲಿನಲ್ಲಿ ಎರಡು ಲೇಯರ್ ಮಾಡಿ. ಎರಡನ್ನೂ ಸೆಲೆಕ್ಟ್ ಮಾಡಿ ಆಟೋ ಅಲೈನ್ ಲೇಯರ್ಸ್ ಒತ್ತಿ. ಗ್ರೂಪ್ ಫೋಟೋದಲ್ಲಿ ಕಣ್ಣು ಮುಚ್ಚಿದವರ ಮುಖ ಬದಲಿಸಲು ದಿನಾ ಬಳಸುವ ಅದೇ ಆಯ್ಕೆ. ನಕ್ಷತ್ರಗಳು ಒಂದರ ಮೇಲೊಂದು ಕೂರುತ್ತವೆ. ಕೂರದಿದ್ದರೆ ಮೇಲಿನ ಲೇಯರನ್ನು ಅರ್ಧ ಪಾರದರ್ಶಕ ಮಾಡಿ, ಫ್ರೀ ಟ್ರಾನ್ಸ್‌ಫಾರ್ಮ್‌ನಲ್ಲಿ ಕೈಯಾರೆ ತಿರುಗಿಸಿ ಕೂರಿಸಿ. ಈಗ ಮೇಲಿನ ಲೇಯರಿನ ಪಕ್ಕದ ಕಣ್ಣಿನ ಗುರುತನ್ನು ಒತ್ತುತ್ತಾ ಬಿಡುತ್ತಾ ಹೋಗಿ. ನೂರಾರು ಚುಕ್ಕಿ ಅಲುಗಲ್ಲ. ಒಂದು ಮಾತ್ರ ಜಿಗಿಯುತ್ತದೆ.

ಎಷ್ಟು ಜಿಗಿಯಬೇಕು ಅಂತ ಮೊದಲೇ ಲೆಕ್ಕ ಇಟ್ಟುಕೊಳ್ಳಿ. ಆಪೊಸಿಷನ್ ಹತ್ತಿರ ವೆಸ್ಟಾ ದಿನಕ್ಕೆ ಕಾಲು ಡಿಗ್ರಿ ಆಸುಪಾಸು ಸರಿಯುತ್ತದೆ. ಎರಡು ದಿನಕ್ಕೆ ಅರ್ಧ ಡಿಗ್ರಿ, ಅಂದರೆ ಹುಣ್ಣಿಮೆ ಚಂದ್ರನ ಅಗಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಸುಮಾರು 120 ಪಿಕ್ಸೆಲ್. ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಪ್ಲೂಟೋ ಸಿಕ್ಕಿದ್ದೂ ಹೀಗೆಯೇ. 1930ರಲ್ಲಿ ಕ್ಲೈಡ್ ಟಾಂಬಾ ಎರಡು ಪ್ಲೇಟುಗಳನ್ನು ಯಂತ್ರಕ್ಕೆ ಹಾಕಿ ಬದಲಾಯಿಸಿ ಬದಲಾಯಿಸಿ ನೋಡಿ ಹಿಡಿದರು. ನಮಗೆ ಆ ಯಂತ್ರ ಮೌಸಿನ ಒಂದು ಕ್ಲಿಕ್ಕಿನಲ್ಲಿದೆ.

ಈಗ ಮುಖ್ಯವಾದದ್ದು. ಜಿಗಿದದ್ದೆಲ್ಲ ಕ್ಷುದ್ರಗ್ರಹ ಅಲ್ಲ.

ಅತಿ ದೊಡ್ಡ ಮೋಸಗಾರ ಹಾಟ್ ಪಿಕ್ಸೆಲ್. ಸೆನ್ಸರಿನ ಒಂದು ಚುಕ್ಕಿ ಕೆಟ್ಟು ಯಾವಾಗಲೂ ಹೊಳೆಯುತ್ತಿರುತ್ತದೆ. ಅದು ಸೆನ್ಸರಿನಲ್ಲಿ ಒಂದೇ ಜಾಗದಲ್ಲಿ ಇರುವುದರಿಂದ ಜಿಗಿಯಬಾರದು ಅಂದುಕೊಳ್ಳುತ್ತೇವೆ. ಆದರೆ ಅಲೈನ್ ಮಾಡುವಾಗ ಒಂದು ಫೋಟೋವನ್ನು ನಾವೇ ಸರಿಸಿರುತ್ತೇವಲ್ಲ. ಅದರ ಜೊತೆ ಹಾಟ್ ಪಿಕ್ಸೆಲ್ ಕೂಡ ಸರಿದು, ಥೇಟ್ ಕ್ಷುದ್ರಗ್ರಹದ ಹಾಗೆ ಜಿಗಿಯುತ್ತದೆ. ಪರೀಕ್ಷೆ ಸುಲಭ. ಆ ರಾತ್ರಿಯೇ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಐಎಸ್‌ಒ, ಅದೇ ಸೆಕೆಂಡ್‌ನಲ್ಲಿ ನಾಲ್ಕು ಫ್ರೇಮ್ ತೆಗೆದಿಡಿ. ಕಪ್ಪು ಫ್ರೇಮಿನಲ್ಲೂ ಹೊಳೆಯುವ ಚುಕ್ಕಿ ಯಾವುದೋ ಅದನ್ನು ಲೆಕ್ಕದಿಂದ ತೆಗೆದುಬಿಡಿ. ಇನ್ನೊಂದು ಉಪಾಯವಿದೆ. ಫ್ರೇಮ್ ಫ್ರೇಮಿಗೂ ಟ್ರೈಪಾಡನ್ನು ಚೂರು ಸರಿಸಿ. ನಕ್ಷತ್ರಗಳೆಲ್ಲ ಜೊತೆಗೆ ಸರಿಯುತ್ತವೆ, ಹಾಟ್ ಪಿಕ್ಸೆಲ್ ಮಾತ್ರ ಅಲ್ಲೇ ಕೂತಿರುತ್ತದೆ.

ವಿಮಾನ, ಉಪಗ್ರಹ ಗೆರೆ ಬಿಡುತ್ತವೆ, ಅವನ್ನು ಯಾರೂ ತಪ್ಪಾಗಿ ತಿಳಿಯಲ್ಲ. ಕೆಲವು ನಕ್ಷತ್ರಗಳ ಹೊಳಪು ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಅವು ಮಿನುಗಿದಂತೆ ಕಾಣುತ್ತವೆ, ಆದರೆ ಜಾಗ ಬಿಡಲ್ಲ. ಪೋಗ್ಸನ್ ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಕಂಡುಹಿಡಿದ ಆರ್ ರೆಟಿಕುಲಿ ಅಂಥ ನಕ್ಷತ್ರವೇ. 1874ರ ಶುಕ್ರ ಸಂಕ್ರಮಣಕ್ಕೆ, ಅಂದರೆ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದಕ್ಕೆ, ಮುಂಚೆ ಅದರ ಬಗ್ಗೆ ಕನ್ನಡದಲ್ಲೂ ಪುಸ್ತಿಕೆ ಹೊರಡಿಸಿದವರು ಅವರು. ಪೋಗ್ಸನ್ ಹೆಸರು ಹೇಳುವವರು ಇವರ ಹೆಸರನ್ನೂ ಹೇಳಬೇಕು.

ಎರಡು ರಾತ್ರಿ ಸಾಲದು. ಮೂರನೇ ರಾತ್ರಿಯೂ ತೆಗೆಯಿರಿ. ಮೂರೂ ಚುಕ್ಕಿ ಹೆಚ್ಚೂಕಡಿಮೆ ನೇರ ಗೆರೆಯಲ್ಲಿ ಬರಬೇಕು. ದಿನದ ಲೆಕ್ಕಕ್ಕೆ ಹೆಜ್ಜೆ ಸಮ ಇರಬೇಕು. ಹೊಳಪು ಒಂದೇ ಥರ ಇರಬೇಕು. ಈ ಮೂರೂ ಹೊಂದಿದರೆ ಮಾತ್ರ ಸ್ಟೆಲ್ಲೇರಿಯಂ ತೆರೆದು ತಾಳೆ ನೋಡಿ. ಮೊದಲೇ ಆ್ಯಪ್ ನೋಡಿದರೆ ಕಣ್ಣು ಅದು ಹೇಳಿದ ಕಡೆಯೇ ಹೋಗುತ್ತದೆ, ಕಲಿಯುವುದೇನೂ ಉಳಿಯಲ್ಲ.

ಸಮಯ ಬರೆಯುವ ರೀತಿ

ಪ್ರತಿ ಫ್ರೇಮಿನ ಸಮಯ ಬರೆದಿಡಿ. ಖಗೋಳದವರು ಭಾರತದ ಸಮಯ ಬಳಸಲ್ಲ. ಅವರದು ವಿಶ್ವ ಸಮಯ, ನಮಗಿಂತ ಐದೂವರೆ ತಾಸು ಹಿಂದೆ. ದಿನವನ್ನೂ ದಶಮಾಂಶದಲ್ಲಿ ಬರೆಯುತ್ತಾರೆ. ನಮ್ಮ ರಾತ್ರಿ 9:30 ಅಂದರೆ ಅವರ 16 ಗಂಟೆ. 24ರಲ್ಲಿ 16, ಅಂದರೆ 0.6667 ದಿನ. ಜನವರಿ 12ರ ಆ ಹೊತ್ತು 12.6667 ಆಗುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಬೆಳಗಿನ ಐದೂವರೆ ತನಕ ಅವರಿಗೆ ಇನ್ನೂ ಹಿಂದಿನ ತಾರೀಖೇ ನಡೆಯುತ್ತಿರುತ್ತದೆ. ಕ್ಯಾಮೆರಾ ಗಡಿಯಾರವನ್ನು ಸಂಜೆಯೇ ಮೊಬೈಲ್ ನೋಡಿ ಸರಿ ಮಾಡಿಕೊಳ್ಳಿ. ಮದುವೆ ಮನೆಯಲ್ಲಿ ಎರಡು ನಿಮಿಷ ಹಿಂದೆ ಮುಂದೆ ನಡೆಯುತ್ತದೆ. ಇಲ್ಲಿ ನಡೆಯಲ್ಲ.

ಹೊಸದನ್ನು ಹುಡುಕಬೇಕು ಅನ್ನುವವರಿಗೆ

ನಮ್ಮ ಕ್ಯಾಮೆರಾದಲ್ಲಿ ಹೊಸ ಕ್ಷುದ್ರಗ್ರಹ ಸಿಗಲ್ಲ. ಹೊಳೆಯುವವೆಲ್ಲ ಯಾವತ್ತೋ ಸಿಕ್ಕಿಬಿಟ್ಟಿವೆ. ಆದರೆ ದೊಡ್ಡ ಟೆಲಿಸ್ಕೋಪಿನ ಫೋಟೋಗಳು ನಮಗೆ ಸಿಗುತ್ತವೆ, ಅದೂ ದುಡ್ಡಿಲ್ಲದೆ. ಇಂಟರ್‌ನ್ಯಾಷನಲ್ ಆಸ್ಟ್ರನಾಮಿಕಲ್ ಸರ್ಚ್ ಕೊಲ್ಯಾಬೊರೇಷನ್ ಅಂತ ಒಂದು ಕಾರ್ಯಕ್ರಮ ಇದೆ. ಅಮೆರಿಕದ ಟೆಕ್ಸಾಸ್‌ನಿಂದ 2006ರಲ್ಲಿ ಶುರುವಾದದ್ದು. ಶಾಲೆ, ಕಾಲೇಜಿನವರು ತಂಡ ಮಾಡಿ ಹೆಸರು ನೋಂದಾಯಿಸಿದರೆ, ಸುಮಾರು ಒಂದು ತಿಂಗಳ ಅಭಿಯಾನದಲ್ಲಿ ಹವಾಯಿಯ ಪ್ಯಾನ್‌ಸ್ಟಾರ್ಸ್ ಟೆಲಿಸ್ಕೋಪಿನ ಚಿತ್ರಗಳನ್ನು ಕಳಿಸುತ್ತಾರೆ. ಆ ಟೆಲಿಸ್ಕೋಪಿನ ಕನ್ನಡಿ 1.8 ಮೀಟರ್. ವಿಂಡೋಸ್ ಕಂಪ್ಯೂಟರ್, ಇಂಟರ್ನೆಟ್, ಮೇಲ್ ನೋಡುವ ಒಬ್ಬ ಮೇಷ್ಟ್ರು, ಇಷ್ಟು ಬೇಕು. ನಮ್ಮೂರಿನ ಒಬ್ಬ ವಿಜ್ಞಾನದ ಮೇಷ್ಟ್ರು ಮಕ್ಕಳ ತಂಡ ಮಾಡಿದಾಗ ಕಂಪ್ಯೂಟರ್ ನನ್ನ ಸ್ಟುಡಿಯೋದ್ದೇ.

ಚಿತ್ರಗಳು ನಾಲ್ಕು ನಾಲ್ಕರ ಕಟ್ಟಿನಲ್ಲಿ ಬರುತ್ತವೆ. ಒಂದೇ ರಾತ್ರಿ, ಒಂದೇ ಜಾಗ, ನಡುವೆ ಕೆಲವು ನಿಮಿಷಗಳ ಅಂತರ. ಅಸ್ಟ್ರೋಮೆಟ್ರಿಕಾ ಅನ್ನುವ ಸಾಫ್ಟ್‌ವೇರ್‌ಗೆ ಹಾಕಿದರೆ ಅದು ನಕ್ಷತ್ರಗಳನ್ನು ಪಟ್ಟಿ ಜೊತೆ ಹೋಲಿಸಿ ಹೊಂದಿಸಿಕೊಳ್ಳುತ್ತದೆ. ಬ್ಲಿಂಕ್ ಒತ್ತಿದರೆ ನಾಲ್ಕೂ ಚಿತ್ರ ಒಂದರ ಹಿಂದೆ ಒಂದು ಓಡುತ್ತವೆ. ಈಗಾಗಲೇ ಗೊತ್ತಿರುವ ಕ್ಷುದ್ರಗ್ರಹಗಳಿಗೆ ಗುರುತು ಬರುವ ಹಾಗೆ ಮಾಡಬಹುದು. ಆ ಪಟ್ಟಿ ಹಳೆಯದಾಗಿದ್ದರೆ ಗೊತ್ತಿರುವುದೇ ಹೊಸದಾಗಿ ಕಾಣುತ್ತದೆ. ಆದ್ದರಿಂದ ಪ್ರತಿ ಅಭಿಯಾನಕ್ಕೂ ಮುಂಚೆ ಅಪ್‌ಡೇಟ್ ಮಾಡಿ.

ಗುರುತಿಲ್ಲದ ಚುಕ್ಕಿ ಸರಿದದ್ದು ಕಂಡರೆ ಮಕ್ಕಳು ಕುರ್ಚಿಯಿಂದ ಎದ್ದೇ ಬಿಡುತ್ತಾರೆ. ಆಗ ಮೊದಲು ಕೂರಿಸಿ. ಚುಕ್ಕಿ ಮೇಲೆ ಕ್ಲಿಕ್ ಮಾಡಿದರೆ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಬೆಳಕಿನ ಗುಡ್ಡದ ಆಕಾರ ಇರುತ್ತದೆ. ನಿಜವಾದ ಚುಕ್ಕಿಯದು ನುಣ್ಣನೆ ಏರಿ ನುಣ್ಣನೆ ಇಳಿಯುತ್ತದೆ. ಕಾಸ್ಮಿಕ್ ಕಿರಣ ಬಡಿದ ಪಿಕ್ಸೆಲ್ ಆದರೆ ಕಡ್ಡಿ ನಿಲ್ಲಿಸಿದಂತೆ ಚೂಪಾಗಿರುತ್ತದೆ. ಪಕ್ಕದಲ್ಲಿ ಸಿಗ್ನಲ್ ಟು ನಾಯ್ಸ್ ಸಂಖ್ಯೆ, ಅಂದರೆ ಹಿನ್ನೆಲೆಯ ಕಾಳಿಗಿಂತ ಚುಕ್ಕಿ ಎಷ್ಟು ಎದ್ದು ಕಾಣುತ್ತದೆ ಅನ್ನುವ ಅಳತೆ, ಇರುತ್ತದೆ. 5ಕ್ಕಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ನಾಲ್ಕೂ ಚಿತ್ರದಲ್ಲಿ ನೇರ ಗೆರೆ, ಸಮ ಹೆಜ್ಜೆ, ಸಮ ಹೊಳಪು ಇದೆಯಾ? ನಿಮ್ಮ ವೆಸ್ಟಾ ಮೂರು ರಾತ್ರಿಯಲ್ಲಿ ಕಲಿಸಿದ ಪರೀಕ್ಷೆಯೇ ಇಲ್ಲೂ.

ಹುಡುಕಿದ್ದನ್ನು ವರದಿ ಮಾಡಿದ ಮೇಲೆ ಅದು 'ಪ್ರಾಥಮಿಕ ಪತ್ತೆ' ಅಷ್ಟೇ. ಬೇರೆ ರಾತ್ರಿಗಳಲ್ಲಿ ಮತ್ತೆ ಕಂಡು, ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಕ್ಷುದ್ರಗ್ರಹಗಳ ಲೆಕ್ಕ ಇಡುವ ಮೈನರ್ ಪ್ಲಾನೆಟ್ ಸೆಂಟರ್ ಒಪ್ಪಿದರೆ ತಾತ್ಕಾಲಿಕ ಹೆಸರು ಸಿಗುತ್ತದೆ. ಕಕ್ಷೆ ಪಕ್ಕಾ ಆಗಿ ಕ್ರಮಸಂಖ್ಯೆ ಸಿಗಲು ಹಲವು ವರ್ಷ ಬೇಕು. 2020ರಲ್ಲಿ ಸೂರತ್‌ನ ಇಬ್ಬರು ಶಾಲಾ ಹುಡುಗಿಯರು ಇದೇ ಕಾರ್ಯಕ್ರಮದಲ್ಲಿ ಒಂದನ್ನು ಹಿಡಿದಾಗ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಒಳ್ಳೆಯದೇ. ಆದರೆ ಪ್ರಾಥಮಿಕ ಪತ್ತೆಗೇ ಬ್ಯಾನರ್ ಕಟ್ಟಿ ಸನ್ಮಾನ ಮಾಡುವುದು ನನಗೆ ಹಿಡಿಸಲ್ಲ. ಮುಂದೆ ಅದು ಬಿದ್ದುಹೋದರೆ ಆ ಮಗುವಿಗೆ ಯಾರು ಸಮಾಧಾನ ಹೇಳೋದು?

ತಾತ್ಕಾಲಿಕ ಹೆಸರು ಓದುವುದು ಮಜಾ. 2024 ವೈಆರ್4 ತೆಗೆದುಕೊಳ್ಳಿ. 2032ರ ಡಿಸೆಂಬರ್‌ನಲ್ಲಿ ಭೂಮಿಗೆ ಬಡಿಯಬಹುದು ಅಂತ 2025ರ ಫೆಬ್ರವರಿಯಲ್ಲಿ ಟಿವಿಯವರು ಹೆದರಿಸಿದ್ದು ಇದನ್ನೇ ತೋರಿಸಿ. ಅಂದಾಜು ಶೇ 3 ದಾಟಿ, ಹೊಸ ಅಳತೆ ಬಂದಂತೆಲ್ಲ ಇಳಿದು ಹೋಯಿತು. ಹೆಸರಿನ ವೈ ಅಂದರೆ ಡಿಸೆಂಬರ್ ತಿಂಗಳ ಎರಡನೇ ಅರ್ಧ. ವರ್ಷವನ್ನು 24 ಅರ್ಧ ತಿಂಗಳು ಮಾಡಿ ಎ ಇಂದ ವೈ ತನಕ ಕೊಟ್ಟಿದ್ದಾರೆ, ಐ ಬಿಟ್ಟು. ಎರಡನೇ ಅಕ್ಷರ ಆ ಅರ್ಧ ತಿಂಗಳಲ್ಲಿ ಎಷ್ಟನೆಯದು ಅಂತ. ಆರ್ 17ನೆಯದು. 25 ಮುಗಿದರೆ ಮತ್ತೆ ಎ ಇಂದ ಶುರು. ಕೊನೆಯ 4 ಅಂದರೆ ನಾಲ್ಕು ಸುತ್ತು ಮುಗಿದಿದೆ. 100ಕ್ಕೆ 17 ಕೂಡಿಸಿದರೆ 117. ಆ ಹದಿನೈದು ದಿನದ 117ನೇ ಪತ್ತೆ ಅದು.

ಕ್ರಮಸಂಖ್ಯೆ ಸಿಕ್ಕ ಮೇಲೆ ಕಂಡುಹಿಡಿದವರು ಹೆಸರು ಸೂಚಿಸಬಹುದು. 16 ಅಕ್ಷರದೊಳಗೆ ಇರಬೇಕು. "ನಮ್ ಎಮ್ಮೆಲ್ಲೆ ಸಾಹೇಬ್ರ ಹೆಸರು ಇಡೋಣ" ಅಂತ ಒಬ್ಬರು ಅಂದರು. ಆಗಲ್ಲ. ರಾಜಕಾರಣದಿಂದ ಹೆಸರಾದವರ ಹೆಸರಿಡಲು ಅವರು ತೀರಿ 100 ವರ್ಷ ಆಗಿರಬೇಕು. ದುಡ್ಡು ಕೊಟ್ಟರೆ ನಿಮ್ಮ ಹೆಸರು ಇಡುತ್ತೇವೆ ಅನ್ನುವವರು ಸಿಕ್ಕರೆ ಮೋಸ ಅಂತಲೇ ತಿಳಿಯಿರಿ.

ಇದನ್ನೇ ಕಸುಬು ಮಾಡಿಕೊಳ್ಳುವವರಿಗೆ

ಕ್ಷುದ್ರಗ್ರಹದ ವಿಜ್ಞಾನಿ ದಿನಾ ರಾತ್ರಿ ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರುತ್ತಾರೆ ಅಂದುಕೊಂಡಿದ್ದರೆ ಮರೆತುಬಿಡಿ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಟೆಲಿಸ್ಕೋಪನ್ನು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. ಅಲ್ಲಿಯೇ ಇರುವ 70 ಸೆಂಟಿಮೀಟರಿನ ಗ್ರೋತ್ ಇಂಡಿಯಾ ಟೆಲಿಸ್ಕೋಪ್ ತಾನೇ ನಡೆಯುವ ಯಂತ್ರ. ಭೂಮಿ ಹತ್ತಿರ ಹಾದು ಹೋಗುವ ಬಂಡೆಗಳನ್ನು ಅದರಲ್ಲಿ ಬೆನ್ನಟ್ಟುತ್ತಾರೆ. ಟೆಲಿಸ್ಕೋಪ್ ಸಮಯಕ್ಕೆ ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಬೇಕು. ಸಿಕ್ಕ ರಾತ್ರಿ ಮೋಡ ಬಂದರೆ ಹೋಯಿತು. ಮಿಕ್ಕ ದಿನವೆಲ್ಲ ಕಂಪ್ಯೂಟರ್ ಮುಂದೆ ಕೋಡ್ ಬರೆಯುವುದು, ಅಳೆಯುವುದು, ಪ್ರಬಂಧ ಬರೆಯುವುದು.

ಕೆಲಸದಲ್ಲಿ ಬೇರೆ ಬೇರೆ ಬಗೆ ಇವೆ. ಹೊಸದನ್ನು ಪತ್ತೆ ಮಾಡುವುದು ಈಗ ಯಂತ್ರಗಳ ಪಾಲಾಗುತ್ತಿದೆ. ಚಿಲಿಯ ವೆರಾ ರೂಬಿನ್ ಅಬ್ಸರ್ವೇಟರಿ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ತೋರಿಸಿದಾಗ, ಹತ್ತು ತಾಸಿನ ಚಿತ್ರಗಳಲ್ಲೇ 2,104 ಹೊಸ ಕ್ಷುದ್ರಗ್ರಹ ಸಿಕ್ಕಿದ್ದವು. ನಮ್ಮಲ್ಲಿ ತಮಿಳುನಾಡಿನ ಕಾವಲೂರು ಅಬ್ಸರ್ವೇಟರಿಯಿಂದ ಆರ್. ರಾಜಮೋಹನ್ 1988ರಲ್ಲಿ 4130 ರಾಮಾನುಜನ್ ಹಿಡಿದಾಗ, ಪೋಗ್ಸನ್ ನಂತರ ನೂರು ವರ್ಷ ಆಗಿಹೋಗಿತ್ತು. ಕಾಲ ಅಷ್ಟು ಬದಲಾಗಿದೆ. ಆದರೆ ಸಿಕ್ಕಿದ್ದರ ಹೊಳಪು ಗಂಟೆ ಗಂಟೆಗೆ ಅಳೆದು ಅದು ಎಷ್ಟು ಹೊತ್ತಿಗೆ ಒಂದು ಸುತ್ತು ತಿರುಗುತ್ತದೆ ಅಂತ ಕಂಡುಹಿಡಿಯಲು, ಬೆಳಕನ್ನು ಒಡೆದು ಯಾವ ಕಲ್ಲು ಅಂತ ಹೇಳಲು ಜನ ಬೇಕು. 'ಬೆನ್ನು' ಅನ್ನುವ ಹೆಸರಿನ ಕ್ಷುದ್ರಗ್ರಹದಿಂದ 2023ರಲ್ಲಿ ಬಂದ 121.6 ಗ್ರಾಂ ಪುಡಿಯನ್ನು ಪರೀಕ್ಷಿಸಲು ಜನ ಬೇಕು. 2022ರಲ್ಲಿ ನಾಸಾದ ಡಾರ್ಟ್ ನೌಕೆ, ತನಗಿಂತ ದೊಡ್ಡ ಕ್ಷುದ್ರಗ್ರಹವನ್ನು ಸುತ್ತುವ ಪುಟ್ಟ ಬಂಡೆ ಡೈಮಾರ್ಫಸ್‌ಗೆ ಡಿಕ್ಕಿ ಹೊಡೆದು ಅದು ಸುತ್ತು ಹಾಕುವ ಸಮಯವನ್ನು ಅರ್ಧ ತಾಸಿಗಿಂತ ಹೆಚ್ಚೇ ತಗ್ಗಿಸಿತು. ಅದನ್ನು ಖಚಿತ ಮಾಡಿದ್ದೂ ಭೂಮಿಯಿಂದ ಹೊಳಪು ಅಳೆದವರೇ.

ದಾರಿ ಹೀಗಿದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು. ಆಗಲೇ ನ್ಯಾಷನಲ್ ಸ್ಟ್ಯಾಂಡರ್ಡ್ ಎಕ್ಸಾಮಿನೇಷನ್ ಇನ್ ಆಸ್ಟ್ರಾನಮಿ ಬರೆಯಿರಿ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ನಡೆಯುತ್ತದೆ. ಖಗೋಳ ಒಲಿಂಪಿಯಾಡಿಗೆ ಅದೇ ಮೊದಲ ಮೆಟ್ಟಿಲು. ಆಯ್ಕೆ ಆಗದಿದ್ದರೂ ಆ ಪ್ರಶ್ನೆಗಳನ್ನು ಬಿಡಿಸಿದರೆ ನಿಮಗೆ ಈ ವಿಷಯ ಹಿಡಿಸುತ್ತದೋ ಇಲ್ಲವೋ ಗೊತ್ತಾಗುತ್ತದೆ. ಪಿಯುಸಿ ಆದ ಮೇಲೆ ಕೇಂದ್ರದ ವಿಜ್ಞಾನ ಶಿಕ್ಷಣ ಸಂಸ್ಥೆಗಳಾದ ಐಸರ್‌ಗಳಿಗೆ ಒಂದು ಪರೀಕ್ಷೆ, ಅಂಥದ್ದೇ ಸಂಸ್ಥೆ ಭುವನೇಶ್ವರದ ನೈಸರ್‌ಗೆ ನೆಸ್ಟ್, ತಿರುವನಂತಪುರದ ಬಾಹ್ಯಾಕಾಶ ಶಿಕ್ಷಣ ಸಂಸ್ಥೆ ಐಐಎಸ್‌ಟಿಗೆ ಜೆಇಇ ಅಡ್ವಾನ್ಸ್ಡ್. ಅವು ಯಾವುವೂ ಸಿಗಲಿಲ್ಲವಾ? ಹತ್ತಿರದ ಡಿಗ್ರಿ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ. ಏನೂ ಕಳೆದುಹೋಗಲ್ಲ. ಎಂಎಸ್ಸಿಗೆ ಜ್ಯಾಮ್, ಪಿಎಚ್‌ಡಿಗೆ ಜೆಸ್ಟ್, ಗೇಟ್, ನೆಟ್ ಪರೀಕ್ಷೆಗಳು ಇದ್ದೇ ಇವೆ. ನಮ್ಮ ಮೂರೂ ಜಿಲ್ಲೆಯವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಹಾಯಕ್ಕೆ ಬರುತ್ತದೆ. ಕೇಂದ್ರದ ಸಂಸ್ಥೆಗಳಲ್ಲಿ ಅದು ನಡೆಯಲ್ಲ. ಇದನ್ನು ಮೊದಲೇ ತಿಳಿದುಕೊಂಡಿರಿ.

ಪಿಎಚ್‌ಡಿಗೆ ಬೆಂಗಳೂರಿನ ಐಐಎ, ಅಹಮದಾಬಾದಿನ ಪಿಆರ್‌ಎಲ್, ನೈನಿತಾಲ್‌ನ ಏರೀಸ್, ಪುಣೆಯ ಐಯುಕಾ ಸಂಶೋಧನಾ ಸಂಸ್ಥೆಗಳಿವೆ. ಉಲ್ಕಾಶಿಲೆ, ಗ್ರಹ, ಕ್ಷುದ್ರಗ್ರಹ ಅಂದರೆ ಪಿಆರ್‌ಎಲ್ ಮೊದಲು ನೋಡಿ. ಅಪ್ಪ-ಅಮ್ಮಂದಿರು ಕೇಳುವುದು ಒಂದೇ: "ಸಂಬಳ ಎಷ್ಟ್ರೀ?" ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ಓದುತ್ತಿರುವಾಗಲೇ ತಿಂಗಳಿಗೆ 37,000 ರೂಪಾಯಿ. ಆದರೆ ಪಿಎಚ್‌ಡಿಗೆ ಐದಾರು ವರ್ಷ, ಆಮೇಲೆ ಕೆಲವು ವರ್ಷ ಹೊರದೇಶದಲ್ಲಿ ತಾತ್ಕಾಲಿಕ ಕೆಲಸ, ಆಮೇಲೆ ಕಾಯಂ ಹುದ್ದೆ. ಹುದ್ದೆಗಳು ಕಡಿಮೆ. ಮನೆಯಲ್ಲಿ ಇದನ್ನು ಮುಚ್ಚಿಡಬೇಡಿ.

ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ಬೇಕಾದದ್ದು ಪೈಥಾನ್. ಈ ಕ್ಷೇತ್ರದಲ್ಲಿ ಎಲ್ಲರೂ ಬರೆಯುವುದು ಅದರಲ್ಲೇ, ಕಲಿಯಲು ದುಡ್ಡೂ ಬೇಡ. ಮೊದಲ ಅಭ್ಯಾಸಕ್ಕೆ ನಿಮ್ಮದೇ ಮೂರು ರಾತ್ರಿಯ ಫೋಟೋ ತೆಗೆದುಕೊಳ್ಳಿ. ಗೊತ್ತಿರುವ ಎರಡು ನಕ್ಷತ್ರಗಳ ನಡುವೆ ಎಷ್ಟು ಪಿಕ್ಸೆಲ್ ಇದೆ ಅಳೆಯಿರಿ. ಅವುಗಳ ನಡುವೆ ಎಷ್ಟು ಡಿಗ್ರಿ ಅಂತ ಸ್ಟೆಲ್ಲೇರಿಯಂ ಹೇಳುತ್ತದೆ. ಅದರಿಂದ ಒಂದು ಪಿಕ್ಸೆಲ್‌ಗೆ ಎಷ್ಟು ಡಿಗ್ರಿ ತೆಗೆಯಿರಿ. ಆಮೇಲೆ ವೆಸ್ಟಾ ದಿನಕ್ಕೆ ಎಷ್ಟು ಡಿಗ್ರಿ ಓಡಿತು ಅಂತ ಕೋಡ್ ಬರೆದು ಲೆಕ್ಕ ಹಾಕಿ, ಆ್ಯಪ್ ಜೊತೆ ತಾಳೆ ನೋಡಿ. ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಯೊಳಗೆ ಬಂದರೆ ಮುಂದಿನ ಸರದಿ ಪಲ್ಲಾಸ್‌ದು. ಬರದಿದ್ದರೆ ಫ್ರೇಮಿನ ಅಂಚಿನ ನಕ್ಷತ್ರ ಬಿಟ್ಟು ನಡುವಿನದನ್ನು ಆರಿಸಿ ಮತ್ತೆ ಅಳೆಯಿರಿ. ಅಂಚಿನಲ್ಲಿ ಲೆನ್ಸ್ ಎಳೆದಿರುತ್ತದೆ.